ಒಳಗಿನಿಂದ ತಟ್ಟಿದ ಬಾಗಿಲು

ಸತ್ತವರು ಬಂದು ಉಣ್ಣುತ್ತಾರೆಂಬುದನ್ನು ನಾನು ಎಂದೂ ನಂಬಿದವನಲ್ಲ. ಈಗ ನಂಬುತ್ತೇನೆಯೇ ಎಂದು ಯಾರಾದರೂ ಕೇಳಿದರೆ ಹೌದೆನ್ನಲೂ ಆಗುವುದಿಲ್ಲ. ಎಂ.ಎ. ಓದುವಾಗ ಇಂಥ ಆಚರಣೆಗಳ ಮೇಲೆಯೇ ಪ್ರಬಂಧ ಬರೆದು ಒಳ್ಳೆಯ ಅಂಕ ಪಡೆದಿದ್ದೆ. ಆದ್ದರಿಂದ ೧೯೯೦ರ ಜುಲೈಯಲ್ಲಿ ಕುವೈತಿನ ಕಡಲತೀರದಲ್ಲಿ ನಡೆದದ್ದನ್ನು ಬರೆಯಲು ಸಂಕೋಚವಾಗುತ್ತದೆ. ನೆನಪು ಪ್ರತಿ ಸಲ ಹೇಳುವಾಗಲೂ ಏನನ್ನಾದರೂ ಸೇರಿಸುತ್ತದೆ ಎಂಬುದು ನನಗೆ ಗೊತ್ತು. ಅದಕ್ಕಾಗಿ ಅಂದಿನ ಡೈರಿಯನ್ನು ಪಕ್ಕದಲ್ಲಿಟ್ಟುಕೊಂಡಿದ್ದೇನೆ. ಅದರಲ್ಲಿ ಇಲ್ಲದ್ದನ್ನು ಇಲ್ಲವೆಂದೇ ಹೇಳುತ್ತೇನೆ.

ನಾನಾಗ ಕುವೈತ್ ಸಿಟಿಯ ಒಂದು ಆಫೀಸಿನಲ್ಲಿ ಕೆಲಸದಲ್ಲಿದ್ದೆ. ಊರಿನಿಂದ ಅಮ್ಮನನ್ನು ಕರೆಸಿಕೊಳ್ಳಬೇಕೆಂದು ನನಗೂ ಹೆಂಡತಿ ಸುಧಾಳಿಗೂ ಬಹಳ ದಿನದ ಆಸೆ. ಚಳಿಗಾಲದಲ್ಲಿ ಬನ್ನಿ ಎಂದರೆ ಅಮ್ಮ ಕೇಳಲಿಲ್ಲ. ಬರುವುದಾದರೆ ಈ ಜುಲೈಯಲ್ಲೇ ಎಂದು ಹಠ ಹಿಡಿದರು. ಕಾರಣ ಅವರ ತಮ್ಮ ಐತಪ್ಪ.

ಐತಪ್ಪ ಮಾವ ಹದಿನೇಳನೆಯ ವಯಸ್ಸಿನಲ್ಲಿ ಮಂಗಳೂರು ಬಂದರಿನಲ್ಲಿ ಹಂಚು ತುಂಬಿಕೊಳ್ಳಲು ಬಂದಿದ್ದ ಅರಬರ ಹಾಯಿಹಡಗು ಹತ್ತಿ ಹೋದವರು. ಕುವೈತಿನಿಂದ ಒಂದೇ ಒಂದು ಕಾಗದ ಬಂದಿತ್ತು, ಅದೂ ಬೇರೆ ಯಾರದೋ ಕೈಬರಹದಲ್ಲಿ. ಆಮೇಲೆ ನಲವತ್ತು ವರ್ಷ ಸುದ್ದಿಯಿಲ್ಲ. ನಮ್ಮ ತುಳುವರ ಮನೆಗಳಲ್ಲಿ ಆಟಿ ತಿಂಗಳಲ್ಲಿ, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ, ಕುಟುಂಬದ ಸತ್ತವರಿಗೆಲ್ಲ ಎಲೆ ಹಾಕಿ ಬಡಿಸುವ ಕ್ರಮವಿದೆ. ಬಡಿಸಿದ ಮೇಲೆ ಬಾಗಿಲು ಎಳೆದುಕೊಂಡು ಎಲ್ಲರೂ ಹೊರಗೆ ನಿಲ್ಲಬೇಕು. ಸ್ವಲ್ಪ ಹೊತ್ತು ಬಿಟ್ಟು ಬಾಗಿಲು ತಟ್ಟಿ ಒಳಗೆ ಹೋಗಬೇಕು. ತಟ್ಟುವುದು ಉಂಡವರು ಎದ್ದು ಹೋಗಲಿ ಎಂದು. ನಮ್ಮದು ತಾಯಿಯ ಕಡೆಯಿಂದ ಕುಟುಂಬ ಎಣಿಸುವ ಪದ್ಧತಿ. ಹಾಗಾಗಿ ಐತಪ್ಪ ಮಾವನ ಎಲೆ ನಮ್ಮ ಮನೆಯಲ್ಲೇ ಬೀಳಬೇಕು. ಆದರೆ ಬದುಕಿರುವವನಿಗೆ ಎಲೆ ಹಾಕುವಂತಿಲ್ಲ. ಅಮ್ಮ ಹಾಕಲು ಬಿಟ್ಟಿರಲೇ ಇಲ್ಲ. ಆ ವರ್ಷ ಕುಟುಂಬದ ಹಿರಿಯರು ಖಂಡಿತವಾಗಿ ಹೇಳಿದರಂತೆ: ಸತ್ತವನನ್ನು ಇಷ್ಟು ವರ್ಷ ಹಸಿದಿರಿಸುವುದು ಮನೆಗೆ ಒಳ್ಳೆಯದಲ್ಲ, ಈ ಆಟಿಯಲ್ಲಿ ಅವನನ್ನೂ ತೀರಿಹೋದವರ ಜೊತೆ ಸೇರಿಸಿಬಿಡಿ. ಅಮ್ಮ ಆಟಿ ಮುಗಿಯುವವರೆಗೆ ಸಮಯ ಕೇಳಿ ವಿಮಾನ ಹತ್ತಿದ್ದರು.

ನಮಗೆ ಶುಕ್ರವಾರ ರಜೆ. ಮೊದಲ ಶುಕ್ರವಾರ ಕಡಲ ಬದಿಯ ರಸ್ತೆಯಲ್ಲಿ ಕರೆದುಕೊಂಡು ಹೋದೆವು. ಕುವೈತಿಗೆ ಬಂದವರೆಲ್ಲ ಫೋಟೊ ತೆಗೆಸಿಕೊಳ್ಳುವ ಆ ನೀಲಿ ಗೋಳಗಳ ಗೋಪುರಗಳನ್ನು ಸುಧಾ ತೋರಿಸಿದಳು. ಒಳಗೆ ನೀರು ತುಂಬಿಸುತ್ತಾರೆಂದು ವಿವರಿಸಿದಳು. ಅಮ್ಮ ಕತ್ತೆತ್ತಿ ನೋಡಿ, “ನೀರಿನ ಟಾಂಕಿಗೆ ಇಷ್ಟು ಶೃಂಗಾರವಾ?” ಎಂದರು. ಫೋಟೊಕ್ಕೆ ನಿಲ್ಲಿ ಅತ್ತೆ ಎಂದರೆ, “ಅದು ಎಲ್ಲಿಗೂ ಓಡಿ ಹೋಗುವುದಿಲ್ಲ ಮಾರಾಯ್ತಿ. ದೋಣಿಯವರು ಬಿಸಿಲೇರಿದ ಮೇಲೆ ಸಿಗ್ಲಿಕ್ಕಿಲ್ಲ. ನಡಿ” ಎಂದು ಕಾರು ಹತ್ತಿದರು.

ಎರಡು ಶುಕ್ರವಾರ ಹೀಗೆಯೇ ಕಳೆಯಿತು. ದೋಣಿಗಳು ನಿಲ್ಲುವಲ್ಲೆಲ್ಲ ಅಮ್ಮ ಇಳಿಯುತ್ತಿದ್ದರು. ನೆರಳಲ್ಲಿ ಕುಳಿತ ಮುದುಕರನ್ನು ನಾನು ನನ್ನ ಹರಕು ಅರಬಿಯಲ್ಲಿ ಮಾತಾಡಿಸುತ್ತಿದ್ದೆ. ಒಬ್ಬ ಹಳೆಯ ನಾವಿಕನಿಗೆ ಮಂಗಳೂರು ಚೆನ್ನಾಗಿ ನೆನಪಿತ್ತು. ಹಂಚು, ಮರ, ಕರಿಮೆಣಸು ಎಂದು ಬೆರಳು ಮಡಿಸಿ ಎಣಿಸಿದ. ಐತಪ್ಪ ಎಂಬ ಹೆಸರಿಗೆ ಮಾತ್ರ ಗೊತ್ತಿಲ್ಲವೆಂದು ತಲೆಯಾಡಿಸಿದ. ಅಮ್ಮನ ಮುಖ ಸೋತಿತೆಂದು ನಾನು ಅಂದುಕೊಂಡೆ. ಹಾಗಾಗಿರಲಿಲ್ಲ. ಅಂದು ಸಂಜೆ ಅವರು ಹೇಳಿದರು: “ಇಲ್ಲಿ ಸತ್ತಿದ್ದರೆ ಇಲ್ಲಿಯೇ ಉಣ್ಣಲಿ ಮಗಾ. ಒಮ್ಮೆ ನಾನು ಕೈಯಾರೆ ಬಡಿಸ್ತೇನೆ. ಮತ್ತೆ ಊರಿನಲ್ಲಿ ಎಲೆ ಹಾಕ್ಲಿಕ್ಕೆ ನನ್ನ ಅಡ್ಡಿ ಇಲ್ಲ.” ಬಾಡಿಸಿ ಸುತ್ತಿದ ಬಾಳೆಎಲೆಯನ್ನು ಅವರು ಊರಿನಿಂದಲೇ ತಂದು ನಮ್ಮ ಫ್ರಿಜ್ಜಿನಲ್ಲಿಟ್ಟಿದ್ದರು. ಪತ್ರೊಡೆ ಸುತ್ತಿ ಬೇಯಿಸಲು ಇರಬೇಕೆಂದು ಸುಧಾ ತಿಳಿದಿದ್ದಳು.

ನಮ್ಮ ಕಫೀಲ್, ಅಂದರೆ ನನ್ನ ವೀಸಾದ ಯಜಮಾನ, ದಕ್ಷಿಣದಲ್ಲಿ ವಫ್ರಾಕ್ಕೆ ತಿರುಗುವ ರಸ್ತೆ ದಾಟಿದ ಮೇಲೆ ಸಮುದ್ರದ ದಂಡೆಗೆ ಒಂದು ಸಾಲು ಕೋಣೆಗಳನ್ನು ಕಟ್ಟಿಸಿದ್ದರು. ತಾಯಿ ಬಂದಿದ್ದಾರೆಂದು ಕೇಳಿ ಒಂದು ಕೋಣೆಯ ಬೀಗದ ಕೈ ಕೊಟ್ಟರು. ಮೂರನೆಯ ಶುಕ್ರವಾರ ಅಲ್ಲಿಗೆ ಹೋದೆವು. ಸಾಲಿನಲ್ಲಿ ಬೇರೆ ಯಾರೂ ಇರಲಿಲ್ಲ. ಇದ್ದವನು ಈಜಿಪ್ಟಿನ ಕಾವಲುಗಾರ ಒಬ್ಬನೇ, ಅವನೂ ದೂರದ ಚಪ್ಪರದಡಿ ಮಲಗಿದ್ದ. ಅಮ್ಮ ಕೋಣೆಯ ನೆಲ ಒರೆಸಿ, ಎಲೆ ಹಾಕಿ, ಮನೆಯಿಂದ ಕಟ್ಟಿಕೊಂಡು ಬಂದಿದ್ದ ಕುಚ್ಚಲಕ್ಕಿ ಅನ್ನ, ಕೋಳಿ ಸಾರು, ಒಣಮೀನಿನ ಚಟ್ನಿ ಬಡಿಸಿದರು. ಒಂದು ಲೋಟ ನೀರಿಟ್ಟರು. ತಮ್ಮನ ಹೆಸರು ಹೇಳಿ ಕರೆದು ಬಾಗಿಲು ಎಳೆದುಕೊಂಡರು.

ನಡು ಮಧ್ಯಾಹ್ನ. ಗೋಡೆಯ ಒಂದು ಗೇಣು ನೆರಳಿಗೆ ಅಂಟಿಕೊಂಡು ಮೂವರೂ ನಿಂತೆವು. ಹತ್ತು ನಿಮಿಷವಾದ ಮೇಲೆ ಅಮ್ಮ ನನಗೆ ತಟ್ಟಲು ಸನ್ನೆ ಮಾಡಿದರು. ಸೋದರಳಿಯ ನಾನೇ ತಟ್ಟಬೇಕು. ತಟ್ಟಿದೆ.

ಒಳಗಿನಿಂದಲೂ ಯಾರೋ ತಟ್ಟಿದರು.

ಡೈರಿಯಲ್ಲಿ ಹೀಗಿದೆ: “ತಟ್ಟಿದೆ. ಒಳಗಿನಿಂದ ತಟ್ಟಿತು. ಮೂರು ಸಲ. ಸುಧಾ ಎರಡು ಅನ್ನುತ್ತಾಳೆ.” ಆ ಸದ್ದು ಬಾಗಿಲಿನ ಕೆಳಭಾಗದಿಂದ, ನೆಲದ ಮೇಲೆ ಕುಳಿತವನ ಕೈಯೆತ್ತರದಿಂದ ಬಂದಿತೆಂದು ನನಗೆ ಈಗ ಸ್ಪಷ್ಟವಾಗಿ ನೆನಪಿದೆ. ಡೈರಿಯಲ್ಲಿ ಅದಿಲ್ಲ. ಆಮೇಲೆ ನಾನೇ ಸೇರಿಸಿಕೊಂಡಿರಬಹುದು.

ಸುಧಾ ನನ್ನ ತೋಳು ಹಿಡಿದಳು. ನಾನು ಚಿಲಕಕ್ಕೆ ಕೈಹಾಕಿದಾಗ ಅಮ್ಮ ತಡೆಯಲಿಲ್ಲ. “ಬೇಗ ತೆಗಿ” ಎಂದರು. ತೆಗೆದೆ. ಒಳಗೆ ಯಾರೂ ಇರಲಿಲ್ಲ. ಅನ್ನದ ಒಂದು ಅಗುಳೂ ಕದಲಿರಲಿಲ್ಲ, ಲೋಟದಲ್ಲಿ ನೀರು ಇದ್ದಷ್ಟೇ ಇತ್ತು. ಇದ್ದ ಒಂದೇ ಕಿಟಕಿಯಲ್ಲಿ ಎ.ಸಿ. ಕೂಡಿಸಿದ್ದರು. ನಾನು ಪಕ್ಕದ ಕೋಣೆಗಳ ಬಾಗಿಲು ಎಳೆದು ನೋಡಿದೆ, ಹಿಂಬದಿಗೆ ಓಡಿದೆ. ಕಾವಲುಗಾರನನ್ನು ಎಬ್ಬಿಸಿ ಕೇಳಿದೆ. ಎಲ್ಲದಕ್ಕೂ ಬೀಗ ಹಾಕಿದ್ದೇನೆ ಎಂದು ಗೊಂಚಲು ತೋರಿಸಿದ.

ಹಿಂದಿರುಗಿ ಬರುವಾಗ ಅಮ್ಮ ಎಲೆಯನ್ನು ಮಡಚಿ ಎತ್ತಿಯಾಗಿತ್ತು. ಎ.ಸಿ. ಅದುರಿರಬೇಕು, ಬಿಸಿಲಿಗೆ ಮರ ಹಿಗ್ಗಿರಬೇಕು ಎಂದು ನಾನು ಏನೇನೋ ಹೇಳಿದೆ. ಅಮ್ಮ ಪೂರ್ತಿ ಕೇಳಿಸಿಕೊಂಡರು.

“ಸತ್ತವರು ತಟ್ಟುವುದಿಲ್ಲ ಮಗಾ” ಎಂದರು. “ಹೊರಗೆ ಬರಬೇಕು ಅಂತ ಇರುವವನು ತಟ್ಟುವುದು. ಅವನು ಎಲ್ಲಿಯೋ ಇದ್ದಾನೆ. ಬರ್ಲಿಕ್ಕೆ ಆಗುವುದಿಲ್ಲ ಅಷ್ಟೆ. ನಾನು ಎಲೆ ಹಾಕ್ಲಿಕ್ಕೆ ಬಿಡುವುದಿಲ್ಲ.”

ಮುಂದಿನ ವಾರ ಅವರು ಊರಿಗೆ ಹೊರಟರು. ಅದಾಗಿ ಕೆಲವೇ ದಿನಗಳಲ್ಲಿ ಇರಾಕಿನ ಸೈನ್ಯ ನುಗ್ಗಿತು. ನಾನೂ ಸುಧಾಳೂ ಸೆಪ್ಟೆಂಬರಿನಲ್ಲಿ ಬಾಗ್ದಾದಿನ ದಾರಿಯಾಗಿ ಜೋರ್ಡಾನಿನ ಅಮ್ಮಾನಿಗೆ ಹೋಗಿ ಅಲ್ಲಿಂದ ಪಾರಾದೆವು. ದಾರಿಯ ತಪಾಸಣೆಗಳಲ್ಲಿ ಡೈರಿ ಉಳಿದದ್ದು ಖುಬ್ಬೂಸ್ ರೊಟ್ಟಿಯ ಚೀಲದಲ್ಲಿ ಬಚ್ಚಿಟ್ಟಿದ್ದರಿಂದ. ಮರುವರ್ಷದ ಕೊನೆಗೆ ಕೆಲಸಕ್ಕೆ ಮರಳಿದಾಗ ನಾನು ಮೊದಲು ಮಾಡಬೇಕೆಂದಿದ್ದದ್ದು ಆ ಕೋಣೆಯನ್ನು ಮತ್ತೊಮ್ಮೆ ಪರೀಕ್ಷಿಸುವುದು: ಎ.ಸಿ. ಹಾಕಿ, ಆರಿಸಿ, ಬಾಗಿಲು ಮುಚ್ಚಿ, ಹೊರಗೆ ನಿಂತು. ಹೋಗಿ ನೋಡಿದರೆ ರಸ್ತೆಯಿಂದಾಚೆಗೆ ಮುಳ್ಳುತಂತಿ, ನೆಲದಲ್ಲಿ ಹೂತ ಬಾಂಬುಗಳಿವೆಯೆಂಬ ಹಲಗೆ. ಕೋಣೆಗಳಿದ್ದ ಕಡೆ ಮರಳಷ್ಟೇ ಕಾಣುತ್ತಿತ್ತು. ಕಾವಲುಗಾರನ ಸುದ್ದಿ ಕಫೀಲಿಗೂ ತಿಳಿದಿರಲಿಲ್ಲ.

ಅಂದು ಕೋಣೆಗೆ ಬಂದ ಕೂಡಲೇ ಎ.ಸಿ. ಹಾಕಿದ್ದೆವು. ಬಾಗಿಲು ಎಳೆದುಕೊಳ್ಳುವ ಮೊದಲು ಆರಿಸಿದೆವೋ ಇಲ್ಲವೋ? ಡೈರಿಯಲ್ಲಿಲ್ಲ. ಸುಧಾಳಿಗೆ ನೆನಪಿಲ್ಲ. ನನಗೆ ಒಂದು ದಿನ ಆರಿಸಿದಂತೆಯೂ ಇನ್ನೊಂದು ದಿನ ಮರೆತಂತೆಯೂ ನೆನಪಾಗುತ್ತದೆ.

ಹಿರಿಯರು ಎಷ್ಟು ಸಿಟ್ಟಾದರೂ ಅಮ್ಮ ತಾವಿರುವವರೆಗೆ ಐತಪ್ಪ ಮಾವನಿಗೆ ಎಲೆ ಹಾಕಲು ಬಿಡಲಿಲ್ಲ. ಈಗ ಅಮ್ಮನಿಗೂ ಎಲೆ ಬೀಳುತ್ತದೆ. ಊರಿನಲ್ಲಿ ಬಡಿಸುವ ಕೆಲಸ ನನ್ನ ಅಕ್ಕನ ಮಗನದು. ಈ ಆಟಿಯಲ್ಲಿ ಅವನು ಫೋನು ಮಾಡಿದ.

“ಮಾವ, ಈ ಸಲವಾದರೂ ಐತಪ್ಪ ಅಜ್ಜನದ್ದೊಂದು ಎಲೆ ಹಾಕುವನಾ? ಲೆಕ್ಕದಲ್ಲಿ ತೊಂಬತ್ತು ದಾಟಿತಲ್ಲ ಅವರಿಗೆ.”

ಅವನು ಹೇಳಿದ್ದು ನ್ಯಾಯವಾಗಿತ್ತು. ಎದುರು ಹೇಳಲು ನನ್ನಲ್ಲಿ ಒಂದು ಕಾರಣವೂ ಇರಲಿಲ್ಲ. ಬೇಡ ಎಂದೆ. ಎಂತಕ್ಕೆ ಎಂದು ಕೇಳಿದ. ಗೊತ್ತಿಲ್ಲ, ಆದರೆ ಹಾಕಬೇಡ ಎಂದೆ.