ಆಂಟನ್ ಸಾನ್ ಮೈದಾನದಿಂದ ನಡೆದು ಬಂದದ್ದು

ಕೊಂಬಿನಿ ಅಂಗಡಿಯಲ್ಲಿ ಹಾಲು ಕೊಳ್ಳಲು ಸಾಲಿನಲ್ಲಿ ನಿಂತಾಗಲೂ ಆಂಟನ್ ಸಾನ್ ಒಮ್ಮೆ ಎಡಭುಜದ ಮೇಲಿಂದ, ಒಮ್ಮೆ ಬಲಭುಜದ ಮೇಲಿಂದ ಹಿಂದಕ್ಕೆ ನೋಡುತ್ತಿದ್ದರು. ಹಿಂದಿದ್ದವರು ಪಾಪ, ತಮ್ಮದೇ ತಪ್ಪೇನೋ ಎಂದು ‘ಸುಮಿಮಾಸೆನ್’ ಅನ್ನುತ್ತಿದ್ದರು. “ಚೆಂಡು ಬರೋಕೆ ಮುಂಚೆ ಹಿಂದೆ ಯಾರಿದಾರೆ ಅಂತ ಗೊತ್ತಿರಬೇಕು. ಮಿಡ್‌ಫೀಲ್ಡರ್ ಕತ್ತು ಸುಮ್ಮನಿರಲ್ಲ” ಎನ್ನುವುದು ಅವರ ಸಮಜಾಯಿಷಿ. ಅವರ ಮುರುಕು ಇಂಗ್ಲಿಷ್ ನನಗೆ ಯಾಕೋ ಕನ್ನಡದಲ್ಲೇ ನೆನಪಿದೆ.

ಆಸ್ಟ್ರಿಯಾದವರು; ‘ಸಾನ್’ ಎಂಬುದು ಜಪಾನೀಯರು ಹೆಸರಿಗೆ ಸೇರಿಸುವ ಗೌರವ. ವಿಯೆನ್ನಾದಲ್ಲಿ ಫುಟ್‌ಬಾಲ್ ಆಡಿ ಹೆಸರು ಮಾಡಿ, ಕೊನೆಗಾಲಕ್ಕೆ ಜಪಾನಿನ ಕ್ಲಬ್ಬೊಂದಕ್ಕೆ ಬಂದರು. ಎರಡನೇ ವರ್ಷ ಯಾರದೋ ಬೂಟು ಮಂಡಿಗೆ ಬಿತ್ತು. ಅಲ್ಲಿಗೆ ಆಟ ಮುಗಿಯಿತು. ನಾನು ವೈಟುಕೆ ಕಂಪ್ಯೂಟರ್ ಕೆಲಸಕ್ಕೆಂದು ನಗೋಯಾಗೆ ಬರುವ ಹೊತ್ತಿಗೆ ಅವರು ನಮ್ಮ ಆಫೀಸಿನ ಭಾನುವಾರದ ತಂಡಕ್ಕೆ ಕೋಚ್ ಆಗಿದ್ದರು.

“ಅಷ್ಟು ವರ್ಷ ಆಡಿದೆ. ಕೊನೆಗೆ ಸ್ಟ್ರೆಚರ್ ಮೇಲೆ ಹೊತ್ಕೊಂಡು ಹೋದ್ರು. ಒಂದ್ಸಲ ನನ್ನ ಕಾಲ ಮೇಲೆ ನಾನೇ ಹೊರಗೆ ನಡ್ಕೊಂಡು ಬರಬೇಕು ಕಣಯ್ಯ” ಅನ್ನುತ್ತಿದ್ದರು. ಮತ್ತೆ ಆಡುವುದು ಡಾಕ್ಟರೂ ಬೇಡವೆಂದಿದ್ದರು, ಹೆಂಡತಿ ಮಿಚಿಕೊ ಸಾನ್ ಕೂಡ.

ನಾನು ಗಲ್ಲಿ ಕ್ರಿಕೆಟ್ಟಿನವನು. ಮೊದಲ ಪಂದ್ಯದಲ್ಲೇ ಎದುರಾಳಿಯೊಬ್ಬನಿಗೆ ನನ್ನ ಕಾಲು ತಾಕಿತು. ಹುಟ್ಟುಗುಣ ಸುಟ್ಟರೂ ಹೋದೀತೇ? ಅವನ ತೋಳು ಮುಟ್ಟಿ ಕಣ್ಣಿಗೆ ಒತ್ತಿಕೊಂಡೆ. ಅಷ್ಟರಲ್ಲಿ ಅವನು ಚೆಂಡು ಒಯ್ದು ಗೋಲು ಹೊಡೆದಿದ್ದ.

“ಏನದು?” ಎಂದು ಕೇಳಿದರು ಆಂಟನ್ ಸಾನ್.

“ಕಾಲು ತಾಕ್ತಲ್ಲ, ತಪ್ಪಾಯ್ತು ಅಂತ.”

ಬೈಗುಳಕ್ಕೆ ಸಿದ್ಧನಾಗಿದ್ದೆ. ಅವರು ಮಂಡಿ ನೀವಿಕೊಂಡರು. “ಇದನ್ನ ಮುರಿದವನು ಆಸ್ಪತ್ರೆ ಕಡೆ ತಲೇನೂ ಹಾಕಲಿಲ್ಲ” ಎಂದರು. ಆಮೇಲೆ, “ಮಾಡು, ಬೇಡ ಅನ್ನಲ್ಲ. ಚೆಂಡು ಹೊರಗೆ ಹೋದ್ಮೇಲೆ ಮಾಡು.”

ನಾನು ನಗೋಯಾ ಬಿಡುವ ಮುಂಚಿನ ಭಾನುವಾರ, ಪಂದ್ಯ ಮುಗಿಯಲು ಸ್ವಲ್ಪ ಹೊತ್ತಿದ್ದಾಗ, ಮಂಡಿಗೆ ಪಟ್ಟಿ ಸುತ್ತಿಕೊಂಡು ತಾವೇ ಇಳಿದರು. ಮಿಚಿಕೊ ಸಾನ್ ಗೆರೆಯಾಚೆ ಮುಖ ತಿರುಗಿಸಿ ನಿಂತರು. ನನಗಂತೂ ಭಯವಾಗಿತ್ತು. ಆಂಟನ್ ಸಾನ್ ಓಡಲೇ ಇಲ್ಲ. ಕತ್ತು ತಿರುಗಿಸಿ ತಿರುಗಿಸಿ, ನಿಂತಲ್ಲಿಂದಲೇ ಚೆಂಡು ಹಂಚಿದರು. ಒಮ್ಮೆ ಒಂದೇ ಚೆಂಡಿಗೆ ನಾನೂ ಅವರೂ ಹೋಗಿ, ಅವರ ಬೂಟು ನನ್ನ ಪಾದ ತುಳಿಯಿತು. ನೋಡಿದರು, ಆಟ ಮುಂದುವರಿಸಿದರು.

ಸೀಟಿಯಾಯಿತು. ಅಲ್ಲಿನವರ ಹಾಗೆ ಮೈದಾನಕ್ಕೆ ಬಗ್ಗಿ ನಮಸ್ಕರಿಸಿ ಹೊರಟರು. ಕುಂಟುತ್ತಿದ್ದರು. ಆಸರೆಗೆ ಹೋದ ನನ್ನನ್ನು ಕೈಯಲ್ಲೇ ತಡೆದರು. ಒಬ್ಬರೇ ನಡೆದು ಗೆರೆ ದಾಟಿದರು.

ಆಮೇಲೆ ಹಿಂದಕ್ಕೆ ತಿರುಗಿ, ನನ್ನ ತೋಳು ಮುಟ್ಟಿ, ಆ ಕೈಯನ್ನು ಕಣ್ಣಿಗೆ ಒತ್ತಿಕೊಂಡರು. ಅವರನ್ನು ಮತ್ತೆ ನಾನು ನೋಡಲಿಲ್ಲ.