ಚಿಕ್ಕವ್ವ ಹೂತಿಟ್ಟ ಸಿಪ್ಪೆಗಳು

ಬೇಯಿಸಿದ ಮೊಟ್ಟೆಯ ಸಿಪ್ಪೆ ಬಿಡಿಸುವಾಗ ಒಂದು ವಾಸನೆ ಬರುತ್ತದಲ್ಲ, ಅದು ನನ್ನನ್ನು ಇವತ್ತಿಗೂ ಸುಮ್ಮನೆ ಇರಗೊಡುವುದಿಲ್ಲ. ಚಳ್ಳಕೆರೆಯ ನಮ್ಮ ಶಾಲೆಯಲ್ಲಿ ಮಕ್ಕಳಿಗೆ ಮೊಟ್ಟೆ ಕೊಡುವ ದಿನ ಅಡುಗೆ ಕೋಣೆಯಿಂದ ಅದು ನನ್ನ ತರಗತಿಯವರೆಗೂ ಬರುತ್ತದೆ. ಬೇರೆ ಟೀಚರುಗಳು ಕಿಟಕಿ ಮುಚ್ಚಿಕೊಳ್ಳುತ್ತಾರೆ, ನಾನು ಮುಚ್ಚುವುದಿಲ್ಲ. ಮೊನ್ನೆ ನಮ್ಮ ಕಡೆಯ ಒಂದು ಹುಡುಗಿ ತಟ್ಟೆ ಹಿಡಿದು ನನ್ನ ಮುಂದೆ ನಿಂತು, "ಮಿಸ್, ಮನೇಲಿ ಬ್ಯಾಡ ಅಂದವ್ರೆ. ನೀವು ತಿನ್ನು ಅಂದ್ರೆ ತಿಂತೀನಿ" ಅಂದಳು. ನಾನು ತಿನ್ನು ಅನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ, "ನಿಂಗೇನು ಅನ್ನಿಸ್ತದೆ?" ಎಂದು ಕೇಳಿದೆ. ಪಾಪ, ಅದಕ್ಕೆ ಆ ಪ್ರಶ್ನೆಯೇ ಅರ್ಥವಾಗಲಿಲ್ಲ. ಒಂದು ಬಾಳೆಹಣ್ಣು ತೆಗೆದುಕೊಂಡು ಹೋಯಿತು. ಆ ವಯಸ್ಸಿನಲ್ಲಿ ನನ್ನನ್ನು ಯಾರಾದರೂ ಹಾಗೆ ಕೇಳಿದ್ದರೆ ನನಗೂ ಅರ್ಥವಾಗುತ್ತಿರಲಿಲ್ಲ.

ನಮ್ಮ ಹಟ್ಟಿ ಇದ್ದದ್ದು ದೇವಸಮುದ್ರದಿಂದ ರಾಂಪುರದ ಕಡೆಗೆ ಹೋಗುವ ದಾರಿಯಲ್ಲಿ, ಬಸ್ಸಿಳಿದು ಅರ್ಧ ಗಂಟೆ ನಡೆದರೆ ಸಿಗುತ್ತಿತ್ತು. ನಮ್ಮ ತಾತ ದೇವರ ಎತ್ತುಗಳ ಕಿಲಾರಿ. ದೇವರಿಗೆ ಬಿಟ್ಟ ಆ ಎತ್ತುಗಳನ್ನು ಯಾರೂ ನೇಗಿಲಿಗೆ ಕಟ್ಟುವ ಹಾಗಿಲ್ಲ, ಮಾರುವ ಹಾಗಿಲ್ಲ. ಅವುಗಳನ್ನು ಮೇಯಿಸಿಕೊಂಡು ಬರುವವನೇ ಕಿಲಾರಿ. ತಾತ ಕಾಲಿಗೆ ಚಪ್ಪಲಿ ಮೆಟ್ಟಿದವನಲ್ಲ, ಕಂಡವರ ಮನೆಯಲ್ಲಿ ಉಂಡವನಲ್ಲ. ಸಂಜೆ ಎತ್ತುಗಳು ಮುಳ್ಳುಬೇಲಿಯ ರೊಪ್ಪದೊಳಕ್ಕೆ ಹೋದ ಮೇಲೆ ಅವನು ಜಗಲಿಯಲ್ಲಿ ಕೂತು ಕಾಲು ಚಾಚುತ್ತಿದ್ದ. ನಾನು ಸೂಜಿ ಹಿಡಿದು ಅವನ ಅಂಗಾಲಿನ ಜಾಲಿಮುಳ್ಳು ತೆಗೆಯುತ್ತಿದ್ದೆ. ನೋವಾಗುತ್ತದಾ ಎಂದರೆ, "ಹೇಳಿದ್ದು ಕೇಳೋನಿಗೆ ಯಾವ ಮುಳ್ಳೂ ನೆಡಲ್ಲ ಕಣವ್ವ" ಅನ್ನುತ್ತಿದ್ದ, ಮುಳ್ಳು ಕೀಳಿಸಿಕೊಳ್ಳುತ್ತಲೇ. ನಮ್ಮ ಮನೆಯಲ್ಲಿ ಎಲ್ಲವೂ ಹೇಳಿದ್ದು ಕೇಳುವುದರ ಮೇಲೆ ನಡೆಯುತ್ತಿತ್ತು. ಕುರಿ ತಿನ್ನಬಹುದು, ಮೇಕೆ ತಿನ್ನಬಹುದು, ಕೋಳಿ ಮಾತ್ರ ಕೂಡದು. ಹಟ್ಟಿಯೊಳಗೆ ಒಂದು ಕೋಳಿಪುಕ್ಕ ಹಾರಿ ಬಂದರೂ ಅಂಗಳ ಸಾರಿಸುತ್ತಿದ್ದರು. ಯಾಕೆ ಎಂದು ಕೇಳಿದವರನ್ನು ನಾನು ಕಾಣೆ. ಈಗ ಓದು ಬರಹ ಕಲಿತು ಆ ಮನೆಯನ್ನು ಬರೀ ಬೈಯುವುದು ಸುಲಭ. ಆದರೆ ಅಲ್ಲಿ ಯಾರೂ ಕುಡಿದು ಬಂದು ಹೆಂಡತಿಗೆ ಹೊಡೆಯಲಿಲ್ಲ, ಬರಗಾಲದಲ್ಲೂ ಒಂದು ಎತ್ತನ್ನು ಕಸಾಯಿಗೆ ಹೊಡೆಯಲಿಲ್ಲ. ಅದನ್ನೂ ಆ ವಿಧೇಯತೆಯೇ ಕಾಯ್ದಿತ್ತು. ಆ ಮನೆಯನ್ನು ನೆನೆದರೆ ನನಗೆ ಇವತ್ತಿಗೂ ಪ್ರೀತಿಯೇ ಬರುತ್ತದೆ, ಏನು ಮಾಡಲಿ.

ನಾನು ನಾಲ್ಕು ವರ್ಷದವಳಿದ್ದಾಗ ಅವ್ವ ತೀರಿಕೊಂಡಳು. ಅಪ್ಪ ಬಳ್ಳಾರಿ ಕಡೆ ಲಾರಿ ಓಡಿಸಲು ಹೋದವನು ಹಬ್ಬಕ್ಕೆ ಹುಣ್ಣಿಮೆಗೆ ಬಂದರೆ ಬಂದ. ನನ್ನನ್ನು ಸಾಕಿದ್ದು ಚಿಕ್ಕವ್ವ, ಚಿಕ್ಕಪ್ಪ ಪಾಲಯ್ಯನ ಹೆಂಡತಿ ಓಬಮ್ಮ. ಚಳ್ಳಕೆರೆ ಕಡೆಯ ಹೆಣ್ಣು. ಮದುವೆಯಾಗಿ ಐದು ವರ್ಷವಾದರೂ ಮಕ್ಕಳಾಗಿರಲಿಲ್ಲ. ಯಾರಾದರೂ ಆ ಮಾತು ತೆಗೆದರೆ ನನ್ನನ್ನು ಎಳೆದು ತೊಡೆಯ ಮೇಲೆ ಕೂರಿಸಿಕೊಂಡು, "ಇದೇನು ಕೋತಿಮರೀನಾ ಮತ್ತೆ?" ಅನ್ನುತ್ತಿದ್ದಳು. ಒಂಬತ್ತನೇ ವರ್ಷದಲ್ಲಿ ನನಗೆ ವಿಷಮಜ್ವರ ಬಂತು. ಜ್ವರ ಬಿಟ್ಟರೂ ಮೈ ಹಿಡಿಯಲಿಲ್ಲ. ನಾಲ್ಕು ಹೆಜ್ಜೆ ಹಾಕಿದರೆ ಕಣ್ಣು ಕತ್ತಲೆ. ರಾಂಪುರದ ಡಾಕ್ಟರು ಕಣ್ಣ ರೆಪ್ಪೆ ಎಳೆದು ನೋಡಿ, ದಿನಾ ಒಂದು ಮೊಟ್ಟೆ ಕೊಡಿ, ಇಲ್ಲದಿದ್ದರೆ ಹುಡುಗಿ ಉಳಿಯುವುದು ಕಷ್ಟ ಎಂದರು. ಚಿಕ್ಕವ್ವ ಅದನ್ನು ಬಂದು ಹೇಳಿದಾಗ ತಾತ, "ದೇವ್ರು ಅವ್ನೆ" ಎಂದಷ್ಟೇ ಹೇಳಿ ರೊಪ್ಪದ ಕಡೆ ಎದ್ದು ಹೋದ.

ಮಾರನೆಯ ದಿನದಿಂದ ಚಿಕ್ಕವ್ವ ನನ್ನನ್ನು ಸೊಂಟದ ಮೇಲೆ ಹೊತ್ತು ಹೊಲಕ್ಕೆ ಕರೆದೊಯ್ಯತೊಡಗಿದಳು. ಹೊಲದ ದಾರಿಯಲ್ಲಿ ಹುಸೇನಮ್ಮ ಎಂಬುವಳ ಮನೆ. ಅವಳು ಕೋಳಿ ಸಾಕಿದ್ದಳು. ಅವಳ ಹತ್ತಿರ ಬೇಯಿಸಿದ ಮೊಟ್ಟೆ ಇಸಿದುಕೊಂಡು, ಬರಿಗೈಯಲ್ಲಿ ಮುಟ್ಟಲು ಹೇಸಿಗೆಯಾಗಿ ಸೆರಗಿನಲ್ಲಿ ಸುತ್ತಿ ಹಿಡಿದು ತಂದಳು. ಹುಣಸೆಮರದ ಕೆಳಗೆ ಕೂತು ಇಬ್ಬರೂ ಅದನ್ನು ನೋಡಿದೆವು ನೋಡಿದೆವು, ಹೇಗೆ ತಿನ್ನುವುದೆಂದು ಇಬ್ಬರಿಗೂ ಗೊತ್ತಿಲ್ಲ. ಕಲ್ಲಿಗೆ ಕುಟ್ಟಿ ಒಡೆದಳು. ಒಳಗೆ ಹಳದಿ ಕಂಡದ್ದೇ, "ಅಯ್ಯೋ, ಇದೇ ಇರ್ಬೇಕು ಮರಿ ಆಗೋದು" ಎಂದು ಅದನ್ನು ತೆಗೆದು ದೂರ ಎಸೆದು, ಬರೀ ಬಿಳಿ ತಿನ್ನಿಸಿದಳು. ನಾನು ಕಕ್ಕಿಕೊಂಡೆ, ಅವಳು ಅತ್ತಳು. ಮರುದಿನ ಹುಸೇನಮ್ಮ ಬಿದ್ದು ಬಿದ್ದು ನಕ್ಕು, "ಅರೆ ಹುಚ್ಚಿ, ತಾಕತ್ ಇರೋದೇ ಅದ್ರಾಗೆ!" ಎಂದ ಮೇಲೆ ಹಳದಿಯೂ ನನ್ನ ಹೊಟ್ಟೆ ಸೇರತೊಡಗಿತು. ಸಿಪ್ಪೆಗಳನ್ನು ಚಿಕ್ಕವ್ವ ಹೊಲದ ಬದುವಿನ ಪಕ್ಕ ಗುಣಿ ತೋಡಿ ಮುಚ್ಚುತ್ತಿದ್ದಳು. "ಯಾರತ್ರಾನೂ ಅನ್ಬ್ಯಾಡ ಕೂಸು" ಎಂದು ನನ್ನ ಗದ್ದ ಹಿಡಿದು ಹೇಳುತ್ತಿದ್ದಳು. ಎರಡು ತಿಂಗಳಲ್ಲಿ ನಾನು ಓಡಾಡುವ ಹಾಗಾದೆ. ಆದರೆ ಮೊಟ್ಟೆಯ ಸಿಪ್ಪೆ ಮಣ್ಣಿನಲ್ಲಿ ಬೇಗ ಕೊಳೆಯುವುದಿಲ್ಲ ಎಂಬುದು, ಹುಟ್ಟಿದಾಗಿನಿಂದ ಮೊಟ್ಟೆಯನ್ನೇ ಮುಟ್ಟದಿದ್ದ ಅವಳಿಗೆ ಹೇಗೆ ಗೊತ್ತಾಗಬೇಕು? ಹಣ್ಣಿನ ಸಿಪ್ಪೆಯ ಹಾಗೆ ಅದೂ ಮಣ್ಣಾಗುತ್ತದೆ ಎಂದುಕೊಂಡಿದ್ದಳು.

ಮುಂಗಾರಿನ ಮೊದಲ ಮಳೆಗೆ ಪಕ್ಕದ ಹೊಲದವನು ನಮ್ಮ ಬದುವಿನ ಅಂಚಿಗೆ ನೇಗಿಲು ಹಾಯಿಸಿದಾಗ ಅವು ಬೆಳ್ಳಗೆ ಮೇಲೆದ್ದವು. ಅದೇ ವಾರ ದೇವರ ಎತ್ತುಗಳಲ್ಲಿ ಎಲ್ಲಕ್ಕಿಂತ ಮುಂದೆ ನಡೆಯುವ ಎತ್ತು ಹೊಟ್ಟೆ ಉಬ್ಬರಿಸಿ ಸತ್ತಿತು. ಎರಡನ್ನೂ ಕೂಡಿಸಿ ನೋಡಲು ಹಟ್ಟಿಗೆ ಎಷ್ಟು ಹೊತ್ತು ಬೇಕು? ದೇವರನ್ನಿಟ್ಟು ಪೂಜಿಸುವ ಪೆಟ್ಟಿಗೆಯ ಮುಂದೆ ಹಗಲಲ್ಲೇ ಎಲ್ಲರೂ ಸೇರಿದರು. ಹಟ್ಟಿಯ ಯಜಮಾನರು ಸಿಪ್ಪೆಗಳನ್ನು ಮೊರದಲ್ಲಿ ಹಾಕಿಟ್ಟು, ಕಿಲಾರಿ ಮನೆಯಲ್ಲೇ ಹೀಗಾದರೆ ಹೇಗೆ ಎಂದು ಕೇಳಿದರು. ತಾತ, "ಕಾಗೆ ಕಚ್ಕೊಂಡು ಬಂದು ಹಾಕಿರ್ಬೋದು" ಅಂದ. ಯಾರೋ ನಕ್ಕರು. ಓಬಮ್ಮನ ಕೈಯಲ್ಲೇ ಪ್ರಮಾಣ ಮಾಡಿಸಿ ಎಂದು ಇನ್ಯಾರೋ ಕೂಗಿದರು. ಆಗ ತಾತ, "ದೊಡ್ಡೋರು ಸುಳ್ಳು ಹೇಳ್ತಾರೆ. ಕೂಸಿನ ಬಾಯಾಗೆ ಸುಳ್ಳು ಬರಲ್ಲ. ಅದನ್ನೇ ಕೇಳಾನ, ಅದು ಹೇಳಿದ್ದೇ ಕೊನೆ" ಎಂದು ನನ್ನನ್ನು ಕರೆದು ಪೆಟ್ಟಿಗೆಯ ಮೇಲೆ ಕೈ ಇಡಿಸಿದ. "ನಮ್ಮನೇಲಿ ಯಾರಾನ ನಿಂಗೆ ಮೊಟ್ಟೆ ತಿನ್ನಿಸಿದ್ರೇನವ್ವ?" ಚಿಕ್ಕವ್ವ ಹೆಂಗಸರ ಸಾಲಿನಲ್ಲಿ ನಿಂತಿದ್ದಳು. ಯಾರಿಗೂ ಹೇಳಬೇಡ ಎಂದವಳು ಅವಳು. ಕೇಳುತ್ತಿದ್ದವನು ತಾತ, ಕೈಯ ಕೆಳಗೆ ದೇವರು. ಯಾರು ದೊಡ್ಡವರು ಎಂಬ ಲೆಕ್ಕ ನನಗೆ ಬಾಯಿಪಾಠವಾಗಿತ್ತು. "ಹೂಂ ತಾತ, ಚಿಕ್ಕವ್ವ" ಎಂದೆ. ಜಾಣೆ ಅನ್ನಿಸಿಕೊಳ್ಳುತ್ತೇನೆ ಎಂದುಕೊಂಡು ತಾತನ ಮುಖ ನೋಡಿದೆ.

ನನ್ನ ತಲೆಗೆ ನೀರು ಸುರಿದು, ನಾಲಿಗೆಗೆ ಗಂಜಳ ಮುಟ್ಟಿಸಿ ಒಳಗೆ ಬಿಟ್ಟುಕೊಂಡರು. ಚಿಕ್ಕವ್ವ ತಿಳಿದೂ ತಿಳಿದೂ ಮಾಡಿದವಳು. ದೇವರು ಹೂ ಕೊಟ್ಟು ಒಪ್ಪಿಗೆ ತಿಳಿಸುವವರೆಗೆ ತವರಿನಲ್ಲಿರಲಿ ಎಂದಾಯಿತು. ಅವಳು ಹೊರಡುವಾಗ ನನ್ನನ್ನು ಮುಟ್ಟುವ ಹಾಗಿರಲಿಲ್ಲ. ದೂರದಿಂದಲೇ, "ಹೊತ್ತು ಹೊತ್ತಿಗೆ ಉಣ್ಣು" ಎಂದಳು. ಒಂದು ಬೈಗುಳವಾದರೂ ಬೈದಿದ್ದರೆ ನನಗೆ ಇವತ್ತು ಇಷ್ಟು ಉರಿಯುತ್ತಿರಲಿಲ್ಲ. ಆಮೇಲೆ ಚಿಕ್ಕಪ್ಪ, ತನ್ನ ಅಪ್ಪ ಹೇಳಲಿ, ಕರೆದುಕೊಂಡು ಬರುತ್ತೇನೆ ಎಂದು ತಾತನ ಬಾಯಿ ಕಾದ. ತಾತ ಯಜಮಾನರ ಬಾಯಿ ಕಾದ. ಯಜಮಾನರು, ಕಿಲಾರಿಯೇ ಕೇಳಲಿಲ್ಲವಲ್ಲ, ನಮಗೇನು ಎಂದು ಸುಮ್ಮನಿದ್ದರು. ದೇವರ ಹತ್ತಿರ ಹೂ ಕೇಳಲು ಯಾರೂ ಹೋಗಲೇ ಇಲ್ಲ. ಎಲ್ಲರೂ ಒಳ್ಳೆಯವರೇ, ಎಲ್ಲರೂ ವಿಧೇಯರೇ. ಮೂರನೇ ವರ್ಷ ಚಿಕ್ಕವ್ವ ಕಾಮಾಲೆಯಿಂದ ಸತ್ತಳು ಎಂದು ಅವಳ ಅಣ್ಣ ಬಂದು ಹೊಸ್ತಿಲ ಆಚೆಯೇ ನಿಂತು ಹೇಳಿ ಹೋದ. ಚಿಕ್ಕಪ್ಪ ರಾಗಿ ತೂರುತ್ತಿದ್ದವನು ಮೊರ ಕೆಳಗಿಟ್ಟು, "ಅಪ್ಪಾ, ನಾನು ತಲೆಗೆ ನೀರು ಹಾಕ್ಕಬೇಕಾ?" ಎಂದು ಕೇಳಿದ. ಹೆಂಡತಿ ಸತ್ತದ್ದಕ್ಕೆ ಸ್ನಾನ ಮಾಡಲೂ ಅವನಿಗೆ ಅಪ್ಪಣೆ ಬೇಕಿತ್ತು. "ಹಾಕ್ಕೋ" ಎಂದ ತಾತ. ಆ ಒಂದು ಮಾತು ನೆನಪಾದರೆ ನನಗೆ ತರಗತಿಯಲ್ಲೂ ಅಳು ಬರುತ್ತದೆ.

ತಾತನ ಕೊನೆಯ ದಿನಗಳಲ್ಲಿ ನಾನು ಟಿಸಿಎಚ್ ಮುಗಿಸಿ ಆಗಷ್ಟೇ ಕೆಲಸಕ್ಕೆ ಸೇರಿದ್ದೆ. ರಜೆಗೆ ಹೋದವಳು ಒಂದು ಮಧ್ಯಾಹ್ನ ಅವನಿಗೆ ಗಂಜಿ ಕುಡಿಸುತ್ತಿದ್ದೆ. ಕಣ್ಣು ಪೂರ್ತಿ ಹೋಗಿತ್ತು. ಎರಡು ಗುಟುಕು ಕುಡಿದು ನನ್ನ ಕೈ ಹಿಡಿದು ನಿಲ್ಲಿಸಿ, "ಅವತ್ತು ನೀನು ಇಲ್ಲ ಅಂತೀಯ ಅಂತ ಕಣವ್ವ ನಿನ್ನನ್ನೇ ಕರೆದಿದ್ದು" ಎಂದ. ನನಗೆ ಮೊದಲು ತಿಳಿಯಲಿಲ್ಲ. ಅವನೇ ಹೇಳಿದ: "ಮೊದಲ್ನೇ ದಿನಾನೇ ನಂಗೆ ಗೊತ್ತಿತ್ತು. ನಿನ್ನ ಬಾಯಿ ವಾಸನೆ ಬರ್ತಿತ್ತು. ಮೈ ಹಿಡೀತೈತಲ್ಲ ಅಂತ ಸುಮ್ಕಿದ್ದೆ. ಅವಳನ್ನ ಕೇಳಿದ್ರೆ ಒಪ್ಕೊಂಡು ಬಿಡ್ತಿದ್ಲು. ನೀನು ಅವಳ ಮ್ಯಾಲಿನ ಪ್ರೀತಿಗೆ ಸುಳ್ಳು ಹೇಳ್ತೀಯ, ಎಲ್ಲಾ ಅಲ್ಲಿಗೇ ಮುಗೀತೈತೆ ಅಂದ್ಕೊಂಡಿದ್ದೆ."

ಗಂಜಿಯ ಲೋಟ ಕೆಳಗಿಟ್ಟೆ. "ಹೇಳಿದ್ದು ಕೇಳ್ಬೇಕು ಅಂತ ನೀನೇ ಕಲಿಸಿದ್ದಲ್ಲ ತಾತ" ಎಂದೆ.

"ಹೂಂ" ಎಂದ ತಾತ, ಕಾಣದ ಕಣ್ಣನ್ನು ನನ್ನ ಕಡೆ ತಿರುಗಿಸಿ. "ನೀನು ಚೆನ್ನಾಗೇ ಕಲಿತಿದ್ದೆ."