ಕೈಬರಹಕ್ಕೆ ಹೆದರಿದ ಹುರಿಯಾಳು

ನಾಮಪತ್ರ ಕೊಟ್ಟ ದಿನ ದ್ರಾಕ್ಷಾಯಿಣಿ ಮಧ್ಯಾಹ್ನದ ಬುತ್ತಿ ಬಿಚ್ಚಲಿಲ್ಲ.  ಅವಳು ನಿಂತದ್ದು ವಿಧಾನಸಭೆಗಲ್ಲ, ಊರ ಪಂಚಾಯಿತಿಗೂ ಅಲ್ಲ. ಒಂದು ವಿಶ್ವವಿದ್ಯಾಲಯದ ನೌಕರರ ಸಂಘದ ಶಾಖಾ ಸಮಿತಿಗೆ. ಗೆದ್ದರೆ ಕಾರು ಸಿಗುವುದಿಲ್ಲ, ಕುರ್ಚಿಯೂ ಬದಲಾಗುವುದಿಲ್ಲ. ಆಗಾಗ ಒಂದು ಸಭೆ, ಸಭೆಗೊಂದು ಪ್ಲೇಟು ಮಂಡಕ್ಕಿ, ಎರಡು ಮಿರ್ಚಿ. ಅಷ್ಟಕ್ಕೆ ಒಬ್ಬ ಹೆಣ್ಣುಮಗಳು ಊಟ ಬಿಡಬೇಕೇ ಎಂದು ದೂರದವರು ಕೇಳಬಹುದು. ಹತ್ತಿರದವರು ಕೇಳಲಿಲ್ಲ. ಅವರೂ ಅಂದು ಬುತ್ತಿ ಬಿಚ್ಚಿರಲಿಲ್ಲ.

ವಿಶ್ವವಿದ್ಯಾಲಯದ ಹೆಸರು ಬೇಡ. ಹಾವೇರಿಯಲ್ಲಿ ಅದರ ಕಚೇರಿ, ರಾಣೇಬೆನ್ನೂರಿನಲ್ಲಿ ಉತ್ತರಪತ್ರಿಕೆ ತಿದ್ದುವ ಕೇಂದ್ರ, ಬ್ಯಾಡಗಿಯಲ್ಲಿ ಒಂದು ಸಣ್ಣ ಅಧ್ಯಯನ ಕೇಂದ್ರ. ಮೂರೂ ಊರಿನ ನೌಕರರಿಗೆ ಸೇರಿ ಸಂಘದ ಒಂದೇ ಶಾಖೆ. ದ್ರಾಕ್ಷಾಯಿಣಿ ಹಾವೇರಿ ಕಚೇರಿಯ ಗುಮಾಸ್ತೆ. ಅಗಡಿಯಿಂದ ದಿನಾ ಬಸ್ಸಿಗೆ ಬಂದು ಹೋಗುವವಳು. ಗಂಡ ಹನುಮೇಶ ಊರಲ್ಲೇ ಟೇಲರ್.

ಪರೀಕ್ಷೆ ಮುಗಿದ ಮೇಲೆ ಹಾವೇರಿಯ ಸಿಬ್ಬಂದಿಯನ್ನು ರಾಣೇಬೆನ್ನೂರಿಗೆ ಕಳಿಸುತ್ತಾರೆ. ಬಂಡಲು ಕಟ್ಟಬೇಕು, ಅಂಕಗಳನ್ನು ಪಟ್ಟಿಗೆ ಏರಿಸಬೇಕು. ಕೆಲಸ ಮುಗಿಯುವ ಹೊತ್ತಿಗೆ ಹಳ್ಳಿಗಳ ಕಡೆಯ ಬಸ್ಸು ಹೋಗಿರುತ್ತದೆ. ಹೆಂಗಸರು ಕತ್ತಲಲ್ಲಿ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಗಂಡನಿಗೋ ತಮ್ಮನಿಗೋ ಫೋನು ಹಚ್ಚಬೇಕು. ಬಸ್ಸಿನ ಹೊತ್ತಿಗೆ ಬಿಡಿಸಿ ಎಂದು ದ್ರಾಕ್ಷಾಯಿಣಿ ಸಂಘಕ್ಕೆ ಮನವಿ ಕೊಟ್ಟಳು. ಸಂಘದ ಶಾಖಾ ಕಾರ್ಯದರ್ಶಿ ಮೈಲಾರಲಿಂಗ ಅದನ್ನು ಓದಿ ಮಡಿಸಿದರು.

"ಬಾಯಾರ, ಇದು ನಿಮ್ಮ ಮನಿ ವಿಷಯ. ಯಜಮಾನ್ರಿಗೆ ಒಂದು ಬೈಕ್ ಕೊಡಸ್ರಿ."

ಇದೇ ಮೈಲಾರಲಿಂಗ ಕಚೇರಿಯ ಸೂಪರಿಂಟೆಂಡೆಂಟ್ ಕೂಡ. ರಾಣೇಬೆನ್ನೂರಿಗೆ ಯಾರು ಹೋಗಬೇಕೆಂದು ಬರೆಯುವವರು ಅವರೇ, ಹೋದವರ ಕಷ್ಟವನ್ನು ಮೇಲಿನವರಿಗೆ ಹೇಳಬೇಕಾದ ಸಂಘದವರೂ ಅವರೇ. ಹೊಡೆಯುವ ಕೈಯೇ ಮುಲಾಮು ಹಚ್ಚುವ ಕೈ. ಇಂಥ ಸಂಘಕ್ಕೆ ತಿಂಗಳು ತಿಂಗಳು ಸಂಬಳದಿಂದ ವಂತಿಗೆ ಕೊಟ್ಟು, "ನಮ್ಮ ಸಂಘ" ಎಂದು ಕ್ಯಾಲೆಂಡರು ತೂಗುಹಾಕಿಕೊಳ್ಳುವ ಓದಿದ ಮಂದಿಯ ಬಗ್ಗೆ ಏನು ಹೇಳೋಣ? ಡಿಗ್ರಿ ಇದ್ದವರಿಗೂ ಬೆನ್ನೆಲುಬು ಬೇರೆಯಾಗಿಯೇ ಬೆಳೆಯಬೇಕು.

ಸಮಿತಿಯ ಹಾವೇರಿ ಸ್ಥಾನಕ್ಕೆ ಮೂರೂ ಊರಿನವರು ಮತ ಹಾಕಬೇಕು; ಆದರೆ ಚುನಾವಣೆ ನಡೆದದ್ದು ಯಾರಿಗೂ ನೆನಪಿಲ್ಲ. ಪ್ರತಿ ಸಲ ಮೈಲಾರಲಿಂಗರ ಹೆಸರು ಓದುತ್ತಾರೆ, ಚಪ್ಪಾಳೆ ಬೀಳುತ್ತದೆ, ಮಿರ್ಚಿ ಬರುತ್ತದೆ. ಎದುರು ಇನ್ನೊಂದು ಹೆಸರು ಕೊಡುವುದೆಂದರೆ ಮದುವೆ ಪೆಂಡಾಲಿನಲ್ಲಿ ಎದ್ದು ನಿಂತು "ಹುಡುಗ ಸರಿ ಇಲ್ಲ" ಎಂದ ಹಾಗೆ. ದ್ರಾಕ್ಷಾಯಿಣಿ ಕೊಟ್ಟಳು. ಸೂಚಕಿಯಾಗಿ ಸಹಿ ಹಾಕಿದವಳು ಬ್ಯಾಡಗಿ ಕೇಂದ್ರದ ಟೈಪಿಸ್ಟ್ ಹೀನಾ.

ಮೈಲಾರಲಿಂಗ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಅವಳಿಗೆ ಅರ್ಧ ಹೆದರಿಕೆ ಕಡಿಮೆಯಾಗುತ್ತಿತ್ತು. ಕುರ್ಚಿ ಎಳೆದು ಕುಂದ್ರಿಸಿ ಚಹಾ ತರಿಸಿದರು.

"ಛಲೋ ಆತು ಬಾಯಾರ. ಚುನಾವಣಿ ಆಗ್ಲಿ. ಭಾಳ ದಿನಾ ಆತು, ಯಾರ್‍ಯಾರ ಅಕ್ಷರ ಹೆಂಗದಾವ ನೋಡಿದಂಗ ಆಗ್ತೈತಿ."

ಆ ಮಾತು ಅವಳಿಗೆ ತಕ್ಷಣ ತಿಳಿಯಲಿಲ್ಲ. ಚಹಾ ಕುಡಿದು ಎದ್ದಾಗ ಅವರು ಮತ್ತೊಂದು ಹೇಳಿದರು: "ಐರಣಿ ಕಡೆ ಒಂದು ಹೊಸಾ ಸೆಂಟರ್ ಆಗ್ತೈತಂತ. ಹೊಳಿ ದಂಡಿ, ತಂಪು ಗಾಳಿ. ಯಾರನರ ಕಳಸಬೇಕಾಗ್ತೈತಿ." ಅಗಡಿಯಿಂದ ಐರಣಿಗೆ ದಿನಾ ಬಸ್ಸಿನಲ್ಲಿ ಓಡಾಡುವುದೆಂದರೆ ನೌಕರಿಯೇ ಬೇಡವೆನಿಸುತ್ತದೆ. ಇದು ಅವಳಿಗೆ ತಕ್ಷಣ ತಿಳಿಯಿತು.

ಅಕ್ಷರದ ಮಾತು ತಿಳಿದದ್ದು ಮರುದಿನ, ಸಂಘದ ನಿಯಮಾವಳಿ ಓದಿದಾಗ. ಅಲ್ಲಿ ಅಚ್ಚು ಹಾಕಿದ ಮತಪತ್ರ ಇಲ್ಲ, ಗುರುತು ಒತ್ತುವುದಿಲ್ಲ. ಖಾಲಿ ಚೀಟಿಯ ಮೇಲೆ ಮತದಾರರು ತಮಗೆ ಬೇಕಾದವರ ಹೆಸರನ್ನು ತಮ್ಮ ಕೈಯಿಂದ ಬರೆಯಬೇಕು. ಬರೆಯುವವರು ಯಾರು? ದಿನವಿಡೀ ಫೈಲಿನಲ್ಲಿ ಟಿಪ್ಪಣಿ ಬರೆದು ಮೈಲಾರಲಿಂಗರ ಮೇಜಿಗೆ ಕಳಿಸುವವರು. ಸಹಿಯಿಲ್ಲದ ಟಿಪ್ಪಣಿ ಸಿಕ್ಕರೆ ಎಲ್ಲರೂ ಅವರ ಹತ್ತಿರ ಒಯ್ಯುತ್ತಿದ್ದರು. ಕೊಂಬು ನೋಡಿ, ಒತ್ತು ನೋಡಿ, "ಇದು ಇಂಥವರದು" ಎಂದು ಹೇಳಿಬಿಡುತ್ತಿದ್ದರು. ಗುಪ್ತ ಮತದಾನ ಎಂದು ನಿಯಮಾವಳಿ ಹೇಳುತ್ತಿತ್ತು. ಮುಖಕ್ಕೆ ಟವೆಲು ಸುತ್ತಿಕೊಂಡು ಹೆಸರು ಕೂಗಿ ಹೇಳುವಷ್ಟು ಗುಪ್ತ.

ಅವಳು ಚುನಾವಣಾಧಿಕಾರಿ ಕೃಷ್ಣಾಜಿಯವರ ಮನೆಗೆ ಓಡಿದಳು. ನಿವೃತ್ತರು, ಮೆತ್ತನೆ ಮನುಷ್ಯ.

"ಗುರುತು ಹಾಕೂ ಚೀಟಿ ಮಾಡಸ್ರಿ ಸರ್. ಮಂದಿ ಹೆದರಾಕತ್ತಾರ."

"ಹಂಗ ಬರೂದಿಲ್ಲ ತಂಗಿ. ಬರೀಬೇಕು ಅಂತನ ಅದ. ಒಂದಕ್ಷರ ಬದಲ್ ಮಾಡಬೇಕಂದ್ರೂ ಸರ್ವಸಾಧಾರಣ ಸಭಾ ಕರೀಬೇಕು. ಕರಿಯವ್ರು ಯಾರು? ಕಾರ್ಯದರ್ಶಿ."

ಕಾರ್ಯದರ್ಶಿ ಯಾರೆಂದು ಇಬ್ಬರಿಗೂ ಗೊತ್ತಿತ್ತು.

ಅಂದಿನಿಂದ ಅವಳ ಹೆದರಿಕೆ ದಿಕ್ಕು ಬದಲಿಸಿತು. ಐರಣಿಯ ಹೆದರಿಕೆಯಾದರೂ ತನ್ನದೊಬ್ಬಳದು. ಈಗ ತನ್ನ ಹೆಸರು ಬರೆಯುವ ಪ್ರತಿಯೊಬ್ಬರ ಹೆದರಿಕೆಯೂ ಅವಳ ಎದೆ ಮೇಲೆ ಬಂದು ಕುಳಿತಿತು. ಊಟದ ಹೊತ್ತಿಗೆ ಯಾರಾದರೂ ಹತ್ತಿರ ಬಂದು "ನಿಮಗ ಹಾಕ್ತೇನ್ರಿ" ಎಂದು ಪಿಸುಗುಟ್ಟಿದರೆ ಸಂತೋಷಕ್ಕೆ ಮೊದಲು ಬೆವರು ಬರುತ್ತಿತ್ತು. ಹನುಮೇಶ ಗೇಲಿ ಮಾಡಿದ: "ಯಪ್ಪಾ, ವೋಟ ಸಿಗವಲ್ವು ಅಂತ ಅಳೂವ್ರನ್ನ ನೋಡೇನಿ. ಸಿಗಾಕತ್ತಾವು ಅಂತ ಅಳಾಕಿ ನೀ ಒಬ್ಬಾಕಿನ."

ಎಲ್ಲರಿಗಿಂತ ಹೆಚ್ಚು ಹೆದರಿಕೆ ಇದ್ದದ್ದು ಉಡಚವ್ವನ ಬಗ್ಗೆ. ಉಡಚವ್ವ ಕಚೇರಿಯ ಜವಾನಳು. ಅವಳ ಗಂಡ ಅದೇ ಕಚೇರಿಯಲ್ಲಿ ಕೆಲಸದಲ್ಲಿದ್ದಾಗ ತೀರಿಕೊಂಡ. ಅನುಕಂಪದ ಮೇಲೆ ಅವಳಿಗೆ ನೌಕರಿ ಸಿಕ್ಕಿತು. ಇನ್ನೂ ಖಾಯಂ ಆಗಿರಲಿಲ್ಲ. ಖಾಯಂ ಮಾಡುವ ಫೈಲು ಮೈಲಾರಲಿಂಗರ ಮೇಜಿನ ಮೇಲೆ ಕುಳಿತಿತ್ತು. ಶಾಲೆ ಅರ್ಧಕ್ಕೇ ಬಿಟ್ಟವಳು. ಅವಳ ಅಕ್ಷರ ದಪ್ಪ, ಒಂದೊಂದೂ ರೊಟ್ಟಿಯಷ್ಟು. ಪೆನ್ನನ್ನು ಎಷ್ಟು ಒತ್ತಿ ಬರೆಯುತ್ತಿದ್ದಳೆಂದರೆ ಹಾಳೆಯ ಹಿಂದೆ ಬೆರಳಾಡಿಸಿದರೂ ಗೊತ್ತಾಗುತ್ತಿತ್ತು. ರಾಣೇಬೆನ್ನೂರಿನ ಬಸ್‌ಸ್ಟ್ಯಾಂಡಿನ ಕತ್ತಲಲ್ಲಿ ದ್ರಾಕ್ಷಾಯಿಣಿಯ ಪಕ್ಕದಲ್ಲಿ ನಿಂತವಳು ಅವಳು. ನಾಮಪತ್ರದ ಸುದ್ದಿ ಕೇಳಿ, "ಮೊದಲ ಚೀಟಿ ನಂದ ನೋಡ್ರಿ ಅಕ್ಕಾರ" ಎಂದವಳೂ ಅವಳೇ.

ಮತದಾನದ ಹಿಂದಿನ ದಿನ ದ್ರಾಕ್ಷಾಯಿಣಿ ಅವಳನ್ನು ಝೆರಾಕ್ಸ್ ಕೋಣೆಗೆ ಕರೆದು ಬಾಗಿಲು ಮುಂದೆ ಮಾಡಿದಳು.

"ಉಡಚವ್ವಾ, ನಾಳೆ ಸಾಹೇಬ್ರ ಹೆಸರು ಬರೀ."

"ಏನಂದ್ರಿ?"

"ನಿನ್ನ ಅಕ್ಷರ ಕುರುಡಗೂ ಗುರ್ತ ಸಿಗ್ತಾವ. ಫೈಲ್ ಅವರ ಕಡೆ ಐತಿ. ನನ್ನ ಹೆಸರು ಬರದ್ರ ನಿನ್ನ ನೌಕರಿ ಹೋಗ್ತೈತಿ."

"ಹೋದ್ರ ಹೋತು ಬಿಡ್ರಿ."

"ಮಕ್ಕಳಿಗೆ ಏನ್ ತಿನಸ್ತಿ? ನನ್ನ ಮಾತು ಕೇಳು, ಕೈ ಮುಗೀತೇನಿ. ಅವರದ ಬರೀ."

ಉಡಚವ್ವ ಝೆರಾಕ್ಸ್ ಆದ ಹಾಳೆಗಳನ್ನು ಕೂಡಿಸಿ ತಟ್ಟಿ ಸರಿಮಾಡಿಕೊಂಡು ಹೊರಗೆ ಹೋದಳು. ದ್ರಾಕ್ಷಾಯಿಣಿಗೆ ಒಂದು ಜೀವ ಉಳಿಸಿದ ಸಮಾಧಾನ.

ಮತದಾನ ಕಚೇರಿಯ ಸಭಾಂಗಣದಲ್ಲಿ. ರಾಣೇಬೆನ್ನೂರಿನವರು, ಬ್ಯಾಡಗಿಯವರು ಬಂದರು. ಮೇಜಿನ ಮೂಲೆಗೆ ಹೋಗಿ ಚೀಟಿ ಬರೆದು ಮಡಿಸಿ ಡಬ್ಬಿಗೆ ಹಾಕಿದರು. ಕೆಲವರು ಎಡಗೈಯಲ್ಲಿ ಬರೆದರು. ಒಬ್ಬರು ಬರೆಯುತ್ತ ಬರೆಯುತ್ತ ನಡುವೆ ನಿಲ್ಲಿಸಿ, ಮೈಲಾರಲಿಂಗರ ಕಡೆ ನೋಡಿ, ಹಾಗೇ ಮಡಿಸಿ ಹಾಕಿದರು.

ಎಣಿಕೆ ಶುರುವಾಯಿತು. ಕೃಷ್ಣಾಜಿ ಚೀಟಿ ಬಿಚ್ಚಿ ಹೆಸರು ಓದಿ ಮೇಜಿನ ಮೇಲೆ ಇಡುತ್ತಿದ್ದರು. ಹುರಿಯಾಳುಗಳು ಅಕ್ಕಪಕ್ಕ ನಿಲ್ಲಬಹುದು ಎಂಬುದು ನಿಯಮ. ಮೈಲಾರಲಿಂಗ ಕನ್ನಡಕ ಹಾಕಿಕೊಂಡರು. ತಮ್ಮ ಹೆಸರು ಬಂದಾಗ ಅವರು ನೋಡಲೂ ಇಲ್ಲ. "ದ್ರಾಕ್ಷಾಯಿಣಿ" ಎಂದು ಕೃಷ್ಣಾಜಿ ಓದಿದಾಗ ಬಗ್ಗಿ ಚೀಟಿ ನೋಡುವರು; ಆಮೇಲೆ ತಲೆಯೆತ್ತಿ ಸಭಾಂಗಣದಲ್ಲಿ ಒಬ್ಬರನ್ನು ನೋಡುವರು. ಒಂದು ಮಾತಿಲ್ಲ. ನೋಡಿಸಿಕೊಂಡವರು ನೆಲ ನೋಡುವರು. ತನ್ನ ಹೆಸರು ಒಂದೊಂದು ಸಲ ಬಂದಾಗಲೂ ದ್ರಾಕ್ಷಾಯಿಣಿಗೆ ಯಾರದೋ ಮನೆಯ ಬಾಗಿಲು ಬಡಿದಂತಾಗುತ್ತಿತ್ತು. ಸಾಕು, ಇನ್ನು ಬರದಿರಲಿ ಎಂದು ಬೇಡಿಕೊಂಡಳು. ಬರುತ್ತಲೇ ಇತ್ತು.

ನಡುವೆ ಒಂದು ಚೀಟಿಯ ಹಿಂಬದಿ ಉಬ್ಬಿತ್ತು. ದಪ್ಪ ಅಕ್ಷರ.  ಕೃಷ್ಣಾಜಿ ಓದಿದರು: "ಮೈಲಾರಲಿಂಗ." ಮೈಲಾರಲಿಂಗರು ಆ ಒಂದು ಸಲ ಮಾತ್ರ ತಮ್ಮ ಹೆಸರಿನ ಚೀಟಿ ನೋಡಿದರು. ಬಾಗಿಲ ಬಳಿ ನಿಂತಿದ್ದ ಉಡಚವ್ವನ ಕಡೆ ತಿರುಗಿ ತಲೆಯಾಡಿಸಿದರು.

ಕೊನೆಗೆ ಮೈಲಾರಲಿಂಗರಿಗೆ ಹದಿನಾಲ್ಕು, ದ್ರಾಕ್ಷಾಯಿಣಿಗೆ ಹದಿಮೂರು. ಉಳಿದ ಒಂದು ಚೀಟಿಯಲ್ಲಿ ಅವಳ ಹೆಸರಿನ ಅರ್ಧ ಮಾತ್ರ ಇತ್ತು. ಅರ್ಧಕ್ಕೆ ಬರೆದವರ ಧೈರ್ಯ ಮುಗಿದಿತ್ತು. ಕೃಷ್ಣಾಜಿ ಅದನ್ನು ಅಸಿಂಧು ಎಂದರು.

ಹೀನಾ ಮುಂದೆ ಬಂದು ಅವಳ ತೋಳು ಹಿಡಿದಳು. "ಅಕ್ಕಾ, ತಕರಾರು ಹಾಕ್ರಿ. ಅರ್ಧ ಬರದ್ರೂ ನಿಮ್ಮದ ಹೆಸರು. ಅದು ಸೇರಿದ್ರ ಸಮ ಆಗ್ತೈತಿ."

"ತಕರಾರು ಹಾಕಿದ್ರ ಏನಾಗ್ತೈತ್ರಿ ಸರ್?" ದ್ರಾಕ್ಷಾಯಿಣಿಯ ದನಿ ಅವಳಿಗೇ ಕೇಳಿಸಲಿಲ್ಲ. ಕೃಷ್ಣಾಜಿಯವರನ್ನು ಎರಡನೇ ಸಲ ಕೇಳಬೇಕಾಯಿತು.

"ಚೀಟಿ ಎಲ್ಲಾ ಕಟ್ಟಿ ಇಡಬೇಕು, ಮ್ಯಾಲಿನ ಸಮಿತಿ ತೀರ್ಮಾನ ಕೊಡೂತನಕ. ಕಾರ್ಯದರ್ಶಿಯವರ ಕಪಾಟಿನ್ಯಾಗ. ನೀವು ಒಪ್ಪಿ ಸಹಿ ಹಾಕಿದ್ರ ಇಲ್ಲೇ ಈಗ ನಾಶ ಮಾಡೂದು."

ಒಂದು ನೋಟಕ್ಕೆ ಸಿಕ್ಕ ಅಕ್ಷರ ಬೇರೆ, ಕಪಾಟಿನಲ್ಲಿ ಇಟ್ಟುಕೊಂಡು ಹಳೇ ಫೈಲಿನ ಜೊತೆ ಹೋಲಿಸಿ ನೋಡುವ ಅಕ್ಷರ ಬೇರೆ. ಎಡಗೈಯಲ್ಲಿ ಬರೆದವರೂ ಉಳಿಯುವುದಿಲ್ಲ. ಆ ಅರ್ಧ ಹೆಸರಿನವರೂ ಉಳಿಯುವುದಿಲ್ಲ. ದ್ರಾಕ್ಷಾಯಿಣಿ ಸಹಿ ಹಾಕಿದಳು.

"ಹರದು ಬುಟ್ಟಿಗೆ ಹಾಕ್ರಿ, ಮುಂಜಾನೆ ಕಸದವ್ರು ಒಯ್ತಾರ" ಎಂದರು ಮೈಲಾರಲಿಂಗ.

ಅವಳು ಹರಿಯಲಿಲ್ಲ. ಬಾಗಿಲ ಹಿಂದೆ ನೆಲ ಒರೆಸುವ ನೀರಿನ ಬಕೆಟ್ ಇತ್ತು. ಚೀಟಿಗಳನ್ನು ಬಾಚಿಕೊಂಡು ಹೋಗಿ ಅದರಲ್ಲಿ ಮುಳುಗಿಸಿದಳು. ನೆಲಕ್ಕೆ ಕುಳಿತು ಎರಡೂ ಕೈಯಿಂದ ಹಿಟ್ಟು ನಾದಿದಂತೆ ನಾದಿದಳು. ಸೀರೆ ಒದ್ದೆಯಾಯಿತು, ಕೈಗೆ ಮಸಿ ಹತ್ತಿತು. ಇಡೀ ಸಭಾಂಗಣ ನೋಡುತ್ತಿತ್ತು. ಧೈರ್ಯದ ಕೆಲಸದಂತೆ ಕಂಡಿರಬಹುದು. ಅವಳ ಹಲ್ಲು ಕಟಕಟ ಎನ್ನುತ್ತಿದ್ದದ್ದು ಹತ್ತಿರ ಇದ್ದವರಿಗೆ ಕೇಳುತ್ತಿತ್ತು.

"ಕಾಗದ ತೊಳದ್ರಿ ಬಾಯಾರ," ಮೈಲಾರಲಿಂಗ ಕನ್ನಡಕ ಒರೆಸುತ್ತ ಹೇಳಿದರು, "ನನ್ನ ಕಣ್ಣೂ ತೊಳೀತೀರೇನು?"

ಕೆಲವರು ನಕ್ಕರು. ತಾವು ನಕ್ಕದ್ದು ಅವರಿಗೆ ಕೇಳಿಸಲಿ ಎಂದು ಜೋರಾಗಿ ನಕ್ಕರು. ಅವರಲ್ಲಿ ಇಬ್ಬರು ಅವಳ ಹೆಸರು ಬರೆದವರು.

ಹೀನಾ ಬ್ಯಾಡಗಿಯ ಬಸ್ಸಿಗೆ ಹೊರಟಾಗ ಮುಖ ಕೆಂಪಾಗಿತ್ತು. "ಸಾಹೇಬ್ರು ನಮ್ಮನ್ನ ನೋಡಿದ್ದು ನೋಡಿ ಆತು ಅಕ್ಕಾ. ಕಡೀಕ ನಡುನೀರಾಗ ಕೈ ಬಿಟ್ರಿ."  ಉತ್ತರಕ್ಕೆ ಹೀನಾ ನಿಲ್ಲಲಿಲ್ಲ.

ಎಲ್ಲರೂ ಹೋದ ಮೇಲೆ ದ್ರಾಕ್ಷಾಯಿಣಿ ಕೈ ತೊಳೆಯಲು ಹೋದರೆ ಹಿತ್ತಲ ನಲ್ಲಿಯಲ್ಲಿ ನೀರಿರಲಿಲ್ಲ. ಉಡಚವ್ವ ಪೀಪಾಯಿಯಿಂದ ತಂಬಿಗೆಯಲ್ಲಿ ನೀರು ತಂದು ಅವಳ ಕೈಗೆ ಹಾಕಿದಳು. ದ್ರಾಕ್ಷಾಯಿಣಿ ತಿಕ್ಕುತ್ತಾ, "ನೀ ಉಳದಿ ಉಡಚವ್ವಾ. ಅಷ್ಟ ಸಾಕು ನನಗ" ಎಂದಳು.

"ನಿಮ್ಮ ಮಾತು ಮೀರಲಿಲ್ರಿ ನಾ."

"ಛಲೋ ಮಾಡಿದಿ."

"ಮೊನ್ನೆ ಸಾಹೇಬ್ರೂ ಕರದಿದ್ರು. ನನ್ನ ಹೆಸರ ಬರೀಬೇಕು ನೋಡು, ಅಂದ್ರು. ನೀವೂ ಕರದು ಅದನ್ನ ಹೇಳಿದ್ರಿ. ಅವರು ಕಣ್ಣು ಕೆಂಪ ಮಾಡಿ ಹೇಳಿದ್ರು, ನೀವು ಕೈ ಮುಗದು ಹೇಳಿದ್ರಿ." ಉಡಚವ್ವ ನೀರು ಹಾಕುವುದನ್ನು ನಿಲ್ಲಿಸಿರಲಿಲ್ಲ. "ಇಬ್ರೂ ಕೂಡಿ ನನ್ನ ಚೀಟಿ ಬರದ್ರಿ ಅಕ್ಕಾರ. ನಿನಗ ಯಾರು ಬೇಕವಾ ಅಂತ ಕೇಳಿದಾವ್ರು ಯಾರು?"

ದ್ರಾಕ್ಷಾಯಿಣಿಯ ಕೈ ನಿಂತಿತು. ಉಡಚವ್ವನ ಒಂದು ಚೀಟಿ ಈ ಕಡೆ ಬಿದ್ದಿದ್ದರೆ ಲೆಕ್ಕ ತಿರುಗುತ್ತಿತ್ತು ಎಂಬುದು ಆಗ ಹೊಳೆಯಿತು. ಅದು ಸಣ್ಣ ಮಾತು. ಅದಕ್ಕಿಂತ ದೊಡ್ಡದು ಉಡಚವ್ವ ಕೇಳಿದ ಮಾತು.

"ನಿನ್ನ ಸಲುವಾಗೇ..."

"ನನ್ನ ಸಲುವಾಗಿ ಹೆದರೂದು ನನಗ ಬರ್ತೈತ್ರಿ." ಉಡಚವ್ವ ತಂಬಿಗೆ ಬಗ್ಗಿಸಿದಳು. "ಮುಂದಿನ ಸಲಾನೂ ನಿಲ್ರಿ. ನನ್ನ ಕಡೆ ಮಾತ್ರ ಏನೂ ಹೇಳಾಕ ಬರಬ್ಯಾಡ್ರಿ."

ಇಷ್ಟು ದಿನ ದ್ರಾಕ್ಷಾಯಿಣಿ ಹೆದರಿದ್ದು ಮೈಲಾರಲಿಂಗರ ಕಣ್ಣಿಗೆ. ಈಗ ತಲೆಯೆತ್ತಿ ಉಡಚವ್ವನ ಕಣ್ಣು ನೋಡಲು ಹೆದರಿಕೆಯಾಯಿತು. ಬಗ್ಗಿಸಿದ ತಲೆಯಲ್ಲೇ ಬೆರಳಿನ ಮಸಿ ತಿಕ್ಕಿದಳು. ಹೋಗಲಿಲ್ಲ. ಉಡಚವ್ವ ಇನ್ನೊಂದು ತಂಬಿಗೆ ನೀರು ತರಲು ಹೋದಳು.